ಎಷ್ಟು ಸಸಿ ಉಳಿದವು? ಲೆಕ್ಕ ತಪ್ಪಬೇಡಿ

ಕಳೆದ ವರ್ಷ ಜೂನ್‌ನಲ್ಲಿ ಗರಗದ ನಮ್ಮ ಹೊಲದಲ್ಲಿ 20 ಆಪೂಸ್ ಕಸಿ ಸಸಿ ಹಚ್ಚಿದೆ. ಎರಡನೇ ತಿಂಗಳಲ್ಲಿ 4 ಒಣಗಿದವು. ನಾಲ್ಕನೇ ತಿಂಗಳಲ್ಲಿ, ಬಂಡಿ ದಾರಿಗೆ ಅಡ್ಡ ಬಂದ 6 ಸಸಿಗಳನ್ನ ಮಣ್ಣಿನ ಸಮೇತ ಕಿತ್ತು ಬೀಗರಿಗೆ ಕೊಟ್ಟೆ. ಬೇಸಿಗೆಯಲ್ಲಿ ಮತ್ತೆ 2 ಹೋದವು. ಉಳಿದದ್ದು 8.

“ಇಪ್ಪತ್ತಕ್ಕ ಎಂಟು! ಮಾವು ಬ್ಯಾಡ ಬಿಡಪಾ, ಹತ್ತಿ ಹಾಕೂಣು” ಅಂದರು ಕಾಕಾ. ನನಗೂ ಹೌದೆನಿಸಿತ್ತು.

ಆದರೆ ಆ 6 ಸಸಿ ಸತ್ತಿರಲಿಲ್ಲವಲ್ಲ! ನಮ್ಮ ಹೊಲದಲ್ಲಿ ನಾಲ್ಕು ತಿಂಗಳು ಬದುಕಿದ್ದವು ಅನ್ನೋದಷ್ಟೇ ಗೊತ್ತು. ಇಂಥ ಅರ್ಧಕ್ಕೆ ನಿಂತ ಮಾಹಿತಿಗೆ ಸಂಖ್ಯಾಶಾಸ್ತ್ರದಲ್ಲಿ ‘ಸೆನ್ಸಾರ್ ಆದದ್ದು’ ಅಂತಾರೆ. ಅವು ಸತ್ತವು ಅಂತ ಹಿಡಿದರೆ ಉಳಿವು ಶೇ. 40. ಪೂರ್ತಿ ಕೈಬಿಟ್ಟರೆ 14ಕ್ಕೆ 8, ಅಂದರೆ ಶೇ. 57. ಎರಡೂ ತಪ್ಪು.

1958ರಲ್ಲಿ ಕಪ್ಲಾನ್ ಮತ್ತು ಮೈಯರ್ ಎಂಬ ಅಮೆರಿಕದ ಇಬ್ಬರು ತೋರಿಸಿದ ದಾರಿ ಸರಳ. ಸಸಿ ಸತ್ತಾಗಲೆಲ್ಲ, ಆ ಹೊತ್ತಿಗೆ ಹೊಲದಲ್ಲಿದ್ದವುಗಳಲ್ಲಿ ಎಷ್ಟು ಉಳಿದವು ಅಂತ ನೋಡಿ, ಆಮೇಲೆ ಗುಣಿಸಿ.

ಮೊದಲ ಸಲ: 20ರಲ್ಲಿ 16 = 0.8
ಬೇಸಿಗೆಯಲ್ಲಿ: 10ರಲ್ಲಿ 8 = 0.8
0.8 × 0.8 = 0.64

ಅಂದರೆ ಶೇ. 64! ಇಪ್ಪತ್ತೇ ಸಸಿ ಆದ್ದರಿಂದ ಇದು ಅಂದಾಜು ಮಾತ್ರ. ಆದರೂ ಮಾವು ಬಿಡುವಷ್ಟು ಕೆಟ್ಟದ್ದೇನಲ್ಲ.

ಒಂದು ಎಚ್ಚರಿಕೆ: ನಾನು ಕೊಟ್ಟದ್ದು ದಾರಿಗೆ ಅಡ್ಡ ಬಂದವನ್ನ. ಸೊರಗಿದ ಸಸಿಗಳನ್ನೇ ಆರಿಸಿ ಕೊಟ್ಟಿದ್ದರೆ ಈ ಲೆಕ್ಕವೂ ಸುಳ್ಳಾಗುತ್ತಿತ್ತು.

ಸಸಿ ಸತ್ತರೂ, ಕಿತ್ತು ಕೊಟ್ಟರೂ ಅವತ್ತೇ ತಾರೀಖು, ಕಾರಣ ಮೊಬೈಲ್‌ನಲ್ಲಿ ಬರೆದಿಡಿ. ಕಾಕಾಗೆ ನಾನು ತೋರಿಸಿದ್ದು ಅದನ್ನೇ. ಈ ಜೂನ್‌ಗೆ ಮತ್ತೆ ಮಾವೇ ಹಚ್ಚಿದ್ದೇವೆ.