ಆಂಧ್ರದಲ್ಲಿ ಸಂಜೆ ತಿಂಡಿ: ಅಂಗಡಿಯ ಕೆಫೆಯೇ ಸಾಕು

ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡದ ಕನಕದುರ್ಗೆಯ ದರ್ಶನಕ್ಕೋ ವಿಶಾಖಪಟ್ಟಣದ ಸಿಂಹಾಚಲಕ್ಕೋ ಹೋಗುವವರು ಸಂಜೆ ಹಸಿವಾದರೆ ದೊಡ್ಡ ಹೋಟೆಲ್ ಹುಡುಕಬೇಕಿಲ್ಲ. ಸೂಪರ್‌ಮಾರ್ಕೆಟ್‌ನ ತಿಂಡಿ ಕೌಂಟರ್, ಮಾಲ್‌ನ ಫುಡ್ ಕೋರ್ಟ್‌ಗಳಲ್ಲೇ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಬಹುದು. ವಿಶಾಖಪಟ್ಟಣದ ಮದ್ದಿಲಪಾಲೆಂನಲ್ಲಿ ಸಿಎಂಆರ್ ಸೆಂಟ್ರಲ್, ವಿಜಯವಾಡದ ಎಂ.ಜಿ. ರಸ್ತೆಯಲ್ಲಿ ಪಿವಿಪಿ ಸ್ಕ್ವೇರ್ ಇವೆ.

ಟೋಕನ್ ತೆಗೆದುಕೊಳ್ಳುವ ಮೊದಲು ಬಾಣಲೆಯ ಕಡೆ ಕಣ್ಣು ಹಾಯಿಸಿ. ಎಣ್ಣೆ ಕಪ್ಪಾಗಿ ನೊರೆ ಬರುತ್ತಿದ್ದರೆ ಕರಿದದ್ದು ಬೇಡ. ಗಾಜಿನ ಪೆಟ್ಟಿಗೆಯಲ್ಲಿ ಮಧ್ಯಾಹ್ನದಿಂದ ಕೂತದ್ದೂ ಬೇಡ. ಜನ ಹೆಚ್ಚು ಕೇಳುತ್ತಿರುವುದು, ಆಗಷ್ಟೇ ಇಳಿಸಿದ್ದು ಯಾವುದೋ ಅದನ್ನೇ ಕೊಳ್ಳಿ.

ಪೊಟ್ಟಣದ ಮೇಲಾದರೆ ಹಸಿರು ಚುಕ್ಕೆ ಇರುತ್ತದೆ, ಬಿಡಿ ತಿಂಡಿಗೆ ಬಾಯಿಬಿಟ್ಟು ಕೇಳಲೇಬೇಕು. ವೆಜ್ ಪಫ್ ಪಕ್ಕದಲ್ಲೇ ಎಗ್ ಪಫ್ ಇರಬಹುದು, ಮೊಟ್ಟೆ ಬೋಂಡಾ ಕರಿದ ಎಣ್ಣೆಯಲ್ಲೇ ಮೆಣಸಿನಕಾಯಿ ಬಜ್ಜಿಯೂ ಬೆಂದಿರಬಹುದು. ತೆಲುಗಿನಲ್ಲಿ ‘ಇಂದುಲೋ ಗುಡ್ಡು ಉಂದಾ?’ ಎಂದರೆ ಮೊಟ್ಟೆ ಇದೆಯೇ ಎಂದು, ‘ವೇರೇ ನೂನೆಲೋ ವೇಯಿಂಚಾರಾ?’ ಎಂದರೆ ಬೇರೆ ಎಣ್ಣೆಯಲ್ಲಿ ಕರಿದಿದ್ದೀರಾ ಎಂದು. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಈ ಎರಡು ಪ್ರಶ್ನೆ ಸಾಕು.

ಮೊದಲ ಪ್ಲೇಟು ಪುನುಗುಲು ಆಗಲಿ. ಹುಳಿ ಬಂದ ದೋಸೆ ಹಿಟ್ಟನ್ನು ಕೈಯಲ್ಲಿ ಸಣ್ಣ ಸಣ್ಣ ಉಂಡೆಯಾಗಿ ಎಣ್ಣೆಗೆ ಬಿಟ್ಟದ್ದು ಅದು. ಒಂದನ್ನು ಮುರಿದು ನೋಡಿ: ಹೊರಗೆ ಗರಿಗರಿ, ಒಳಗೆ ಹಬೆಯಾಡುವ ಮೆತ್ತನೆಯ ತಿರುಳು ಇರಬೇಕು. ಒಳಗೂ ಎಣ್ಣೆ ಜಿನುಗಿದರೆ ಸರಿಯಾಗಿ ಕಾಯದ ಎಣ್ಣೆಗೆ ಹಿಟ್ಟು ಬಿಟ್ಟಿದ್ದಾರೆ ಎಂದೇ ಅರ್ಥ. ಮಿರಪಕಾಯ ಬಜ್ಜಿ, ಅಂದರೆ ಮೆಣಸಿನಕಾಯಿ ಬಜ್ಜಿಯ ಹೊಟ್ಟೆಯಲ್ಲಿ ಓಮ, ಹುಣಸೆ ತುಂಬಿರುತ್ತಾರೆ; ರುಚಿ ಸೊಗಸು, ಆದರೆ ಮಕ್ಕಳ ಕೈಗೆ ಕೊಡಬೇಡಿ. ಕರಿದದ್ದು ಒಲ್ಲದವರಿಗೆ ಹೆಸರುಕಾಳಿನ ಪೆಸರಟ್ಟು, ಜೊತೆಗೆ ಬೆಲ್ಲ ಹಾಕಿದ ಶುಂಠಿಯ ಅಲ್ಲಂ ಚಟ್ನಿ. ಉಪ್ಪಿಟ್ಟು ತುಂಬಿದ ಪೆಸರಟ್ಟನ್ನು ಇಬ್ಬರು ಹಂಚಿಕೊಂಡರೆ ರಾತ್ರಿಯ ಊಟವೇ ಬೇಡವಾದೀತು. ನನ್ನ ಮಟ್ಟಿಗೆ ಇಷ್ಟು ಕಡಿಮೆ ದುಡ್ಡಿಗೆ ಇದಕ್ಕಿಂತ ಒಳ್ಳೆಯ ತಿಂಡಿ ಆ ಕಡೆ ಇಲ್ಲ.

ತಿಂಡಿಯನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಟ್ಟರೆ ಬೇಡವೆನ್ನಿ, ತಟ್ಟೆ ಕೇಳಿ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಇಳಿಯುತ್ತದೆ.

ಬಿಲ್ಲನ್ನು ಓದದೆ ಜೇಬಿಗಿಳಿಸಬೇಡಿ. 2022ರ ಜನವರಿಯಿಂದ ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಕಡ್ಡಾಯ. ಸೇವಾ ಶುಲ್ಕ ಕೊಡುವುದು ಬಿಡುವುದು ನಿಮಗೆ ಸೇರಿದ್ದು. ಒತ್ತಾಯ ಮಾಡಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನೀರಿನ ಬಾಟಲಿಯನ್ನು ಕೆಫೆಯಲ್ಲಿ ಕೇಳುವ ಬದಲು ಅದೇ ಅಂಗಡಿಯ ಶೆಲ್ಫಿನಿಂದ ಎಂಆರ್‌ಪಿಗೆ ಕೊಂಡರೆ ಉಳಿತಾಯ.

ರೈಲಿಗೆ ಕಟ್ಟಿಸಿಕೊಳ್ಳುವುದಾದರೆ ಪುನುಗುಲು ಬೇಡ, ಬೇಗ ಮೆತ್ತಗಾಗುತ್ತವೆ. ಕೋಡುಬಳೆಯಂಥ ಚೇಗೋಡಿಲು, ಚಕ್ಕುಲಿಯ ಜಾತಿಯ ಜಂತಿಕಲು ಕೇಳಿ. ತೆಂಗಿನಕಾಯಿ ಚಟ್ನಿಯನ್ನು ಅಲ್ಲೇ ಬಿಟ್ಟು ಬನ್ನಿ.