ಹಳೆಯ ಮೇಜಿನ ಮಹಾಗನಿ, ಇಂದಿನ ಸಸಿಯ ಮಹಾಗನಿ



ಅಡಿಕೆ ತೋಟದ ಬದುವಿಗೆ ಮಹಾಗನಿ ಹಚ್ಚಬಹುದೇ ಎಂದು ತಂಬೂರ ಭಾಗದ ಸದಸ್ಯರು ಕೇಳುತ್ತಿದ್ದಾರೆ. ಸಸಿ ಮಾರುವವರು ಹಳೆಯ ಮಹಾಗನಿ ಮೇಜುಗಳ ಬೆಲೆ ಹೇಳಿ ಆಸೆ ಹುಟ್ಟಿಸುವುದುಂಟು. ಆದುದರಿಂದ ಆ ಮೇಜಿನ ಮರ ಯಾವುದು, ನಾವು ನೆಡುವ ಮರ ಯಾವುದು ಎಂಬುದನ್ನು ಮೊದಲು ತಿಳಿಯೋಣ.

ಹಳೆಯ ಸಾಮಾನುಗಳಲ್ಲಿ ಗೂಡುಮೇಜುಗಳಿಗೆ ವಿಶೇಷ ಬೇಡಿಕೆ. ಬೋಗುಣಿಗಳ ಹಾಗೆ ಇವು ಒಂದರೊಳಗೊಂದು ಕೂರುತ್ತವೆ. ಇಂಗ್ಲೆಂಡಿನ ಥಾಮಸ್ ಶೆರಟನ್ 1803ರ ತನ್ನ ಪೀಠೋಪಕರಣ ನಿಘಂಟಿನಲ್ಲಿ ನಾಲ್ಕರ ಇಂಥ ಜೊತೆಯನ್ನು ವಿವರಿಸಿದ್ದಾನೆ. ಒಂದು ಹಲಗೆ ಸ್ವಲ್ಪ ಸೊಟ್ಟಾದರೂ ಒಳಗಿನ ಮೇಜು ಸಿಕ್ಕಿಕೊಳ್ಳುತ್ತದೆ. ಮಹಾಗನಿ ಹವೆಗೆ ಹಿಗ್ಗುವುದು ಕುಗ್ಗುವುದು ಕಡಿಮೆ, ಅಗಲವಾದ ಹಲಗೆ ಸಿಗುತ್ತದೆ, ತೆಳ್ಳಗಿನ ಕಾಲು ಕಡೆದರೂ ಗಟ್ಟಿ. ಅದಕ್ಕೇ ಕುಶಲಕರ್ಮಿಗಳು ಅದನ್ನು ಮೆಚ್ಚಿದರು.

1721ರಲ್ಲಿ ಬ್ರಿಟನ್ ಅಮೆರಿಕದ ತನ್ನ ವಸಾಹತುಗಳ ಮರದ ಮೇಲಿನ ಸುಂಕ ತೆಗೆದ ಮೇಲೆ ಜಮೈಕಾದ ಚಿಕ್ಕೆಲೆ ಮಹಾಗನಿ ಹೇರಳವಾಗಿ ಬಂತು. ಮುಂದೆ ಮಧ್ಯ ಅಮೆರಿಕದ ದೊಡ್ಡೆಲೆ ಜಾತಿಯೂ ಸೇರಿತು. ಎರಡೂ ಕಾಡಿನಲ್ಲಿ ನಿಧಾನವಾಗಿ ಬಲಿತ ಹಿರಿಯ ಮರಗಳು. ಅಂಥ ಮರ ವಿರಳವಾದದ್ದರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಚಿಕ್ಕೆಲೆಯ ಮೇಲೆ 1992ರಿಂದ, ಅಮೆರಿಕದ ಕಾಡಿನ ದೊಡ್ಡೆಲೆಯ ಮೇಲೆ 2003ರಿಂದ ನಿಯಂತ್ರಣವಿದೆ. ಹಳೆಯ ಮೇಜಿನ ಬೆಲೆಯಲ್ಲಿ ಮರದ ವಯಸ್ಸು, ಕೈಕೆಲಸ, ವಿರಳತೆ ಮೂರೂ ಸೇರಿವೆ. ಹದಿನೈದು ವರ್ಷದ ಗಿಡಕ್ಕೆ ಇವು ಯಾವುವೂ ಬರುವುದಿಲ್ಲ.

ಭಾರತಕ್ಕೆ ಚಿಕ್ಕೆಲೆ ಬಂದದ್ದು 1795ರಲ್ಲಿ, ಕಲಕತ್ತೆಯ ಸಸ್ಯೋದ್ಯಾನಕ್ಕೆ. ದೊಡ್ಡೆಲೆ ಬಂದದ್ದು 1872ರಲ್ಲಿ. ಇಂದು ಮಾರುವ ಸಸಿ ಬಹುಮಟ್ಟಿಗೆ ದೊಡ್ಡೆಲೆಯದು. ಆಫ್ರಿಕಾದ ಖಾಯ ಎಂಬ ಬೇರೆ ಮರಕ್ಕೂ ಮಹಾಗನಿಯೆಂದೇ ಹೆಸರು. ಬೇಗ ಬೆಳೆದ ಎಳೆಯ ಮರದಲ್ಲಿ ಚೇಗು ಕಡಿಮೆ, ಹೊರಗಿನ ಬಿಳಿ ಭಾಗ ಹೆಚ್ಚು. ಆ ಬಿಳಿ ಭಾಗಕ್ಕೆ ಹುಳ ಬೇಗ ಹತ್ತುತ್ತದೆ.

ಇನ್ನೊಂದು ಕಾಟ ಕುಡಿಕೊರಕ ಹುಳದ್ದು. ಪತಂಗದ ಮರಿ ತುದಿಕುಡಿಯನ್ನು ಕೊರೆದರೆ ಕಾಂಡ ಕವಲೊಡೆಯುತ್ತದೆ. ಕವಲಾದ ಮರದಲ್ಲಿ ನೇರವಾದ ಉದ್ದ ದಿಮ್ಮಿ ಸಿಗದು. ಅದೇ ವಂಶದ ನಮ್ಮ ಗಂಧಗರಿಗೆಗೂ ಇದೇ ಹುಳ ಬೀಳುತ್ತದೆ.

ಹಾಗೆಂದು ಮಹಾಗನಿ ಬೇಡವೆಂದಲ್ಲ. ನಮ್ಮ ಸಲಹೆ ಇಷ್ಟು:

1. ಸಾಲ ಮಾಡಿ ಇಡೀ ಹೊಲಕ್ಕೆ ಹಚ್ಚಬೇಡಿ. ಬದುವಿನಲ್ಲಿ ಕೆಲವು ಸಾಕು.

2. ಸಸಿಯ ಜಾತಿಯನ್ನು ರಸೀದಿಯಲ್ಲಿ ಬರೆಸಿಕೊಳ್ಳಿ.

3. ಎಳೆತನದಲ್ಲಿ ಕುಡಿ ನೋಡುತ್ತಿರಿ. ಕವಲೊಡೆದರೆ ಒಂದನ್ನು ಮಾತ್ರ ಉಳಿಸಿ.

4. ಕಡಿಯುವ, ಸಾಗಿಸುವ ನಿಯಮವನ್ನು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ.

5. ಕೊಳ್ಳುವವರು ಯಾರೆಂದು ನೆಡುವ ಮುನ್ನ ಕೇಳಿ. ಕಲಘಟಗಿಯ ಬಣ್ಣದ ತೊಟ್ಟಿಲು ಹೆಸರಾದದ್ದು ಸಾಗವಾನಿಯಿಂದ. ಸಮೀಪದ ಬಡಿಗೇರರು ಬಲ್ಲ ಮರಕ್ಕೆ ಸಮೀಪದಲ್ಲೇ ಗಿರಾಕಿ ಇರುತ್ತಾನೆ.

ಮೇಜಿನ ಬೆಲೆ ಕೇಳಿ ಸಸಿ ನೆಡಬಾರದು. ಮಣ್ಣು, ನೀರು, ಮಾರುಕಟ್ಟೆ ನೋಡಿ ನೆಡಬೇಕು.