ಇಂದಿನ ಚಿಂತನೆ: ರೋಗಿಯ ಐದು ಗುಣ, ಆರೈಕೆ ಮಾಡುವವರ ಐದು ಗುಣ




ಇಂದಿನ ಓದು ವಿನಯಪಿಟಕದ ಮಹಾವಗ್ಗದಿಂದ. ಒಬ್ಬ ಭಿಕ್ಷು ಹೊಟ್ಟೆಯ ಬೇನೆಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಆನಂದರ ಜೊತೆ ಆ ಕಡೆ ಬಂದ ಬುದ್ಧರು, ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳಿದರು. ತನ್ನಿಂದ ಉಳಿದ ಭಿಕ್ಷುಗಳಿಗೆ ಏನೂ ಉಪಯೋಗವಿಲ್ಲ, ಅದಕ್ಕೇ ಯಾರೂ ನೋಡುವುದಿಲ್ಲ ಎಂದು ಆತ ಹೇಳಿದ. ಬುದ್ಧರು ಆನಂದರಿಂದ ನೀರು ತರಿಸಿದರು. ತಾವು ನೀರು ಹೊಯ್ದರು, ಆನಂದರು ಮೈ ತೊಳೆದರು. ಇಬ್ಬರೂ ಸೇರಿ ಅವನನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು. ಬುದ್ಧರ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂಬ ಬೋಧನೆ ಈ ಸಂದರ್ಭದ್ದು.

ಆ ಭಿಕ್ಷುವಿನ ಮಾತು ನಮ್ಮ ಮನೆಗಳಲ್ಲೂ ಇದೆ. ದುಡಿಯಲಾಗದ ಅಪ್ಪ, ತಾನು ಯಾರಿಗೂ ಉಪಯೋಗವಿಲ್ಲ ಅಂದುಕೊಳ್ಳುತ್ತಾನೆ. ಕೆಲಸ ಕಳೆದುಕೊಂಡ ಮಗನೂ ಹಾಗೇ ಅಂದುಕೊಳ್ಳುತ್ತಾನೆ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಹಳ್ಳಿಗಳಿಂದ ಹುಬ್ಬಳ್ಳಿಗೆ, ಬೆಂಗಳೂರಿಗೆ ದುಡಿಯಲು ಹೋದವರು ಬಹಳ. ನನ್ನ ಶಾಲೆಯಲ್ಲಿ ಓದಿದವನೊಬ್ಬ ಹಾಗೆ ಹೋದವನೇ. ಅವನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಊರಲ್ಲಿ ಅಪ್ಪನಿಗೆ ಲಕ್ವ ಹೊಡೆದಿತ್ತು, ಅವ್ವನಿಗೆ ಬಿ.ಪಿ. ಮತ್ತು ಸಕ್ಕರೆ ಕಾಯಿಲೆ. ಇವನ ಕೆಲಸ ಹೋಯಿತು. ಮನೆಯಲ್ಲಿ ಹೇಳದೆ ಕೈಗಡ ಮಾಡಿ ತಿಂಗಳಾ ಹಣ ಕಳಿಸಿದ. ಅವ್ವನಿಗೆ ಯಾರಿಂದಲೋ ತಿಳಿಯಿತು. ಅವಳೂ ತಿಳಿದದ್ದನ್ನು ಮಗನಿಗೆ ಹೇಳಲಿಲ್ಲ. ಖರ್ಚು ಉಳಿಯಲೆಂದು ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗತೊಡಗಿದಳು. ಇಬ್ಬರೂ ಮುಚ್ಚಿಟ್ಟದ್ದು ಪ್ರೀತಿಯಿಂದಲೇ. ಆದರೆ ಅಲ್ಲಿ ಬಡ್ಡಿ ಬೆಳೆಯಿತು, ಇಲ್ಲಿ ಬಿ.ಪಿ. ಏರಿತು. ಪಂಚಮಿಗೆ ಬಂದ ಮಗನಿಗೆ ಉಳಿದ ಗುಳಿಗೆಗಳ ಲೆಕ್ಕ ತಾಳೆಯಾಗಲಿಲ್ಲ. ಅವತ್ತು ಇಬ್ಬರೂ ಬಾಯಿ ಬಿಟ್ಟರು.

*ಎರಡು ಪಟ್ಟಿಗಳು*

ಮಹಾವಗ್ಗದ ಅದೇ ಭಾಗದಲ್ಲಿ ಬುದ್ಧರು, ಆರೈಕೆ ಮಾಡಲು ಸುಲಭನಾದ ರೋಗಿಯ ಐದು ಗುಣ ಹೇಳುತ್ತಾರೆ: ತನಗೆ ಹಿತವಾದದ್ದನ್ನೇ ಮಾಡುವುದು, ಅದರಲ್ಲೂ ಮಿತಿ ತಿಳಿದಿರುವುದು, ಔಷಧಿ ತೆಗೆದುಕೊಳ್ಳುವುದು, ಬೇನೆ ಹೆಚ್ಚಿದೆಯೋ ಇಳಿದಿದೆಯೋ ಇದ್ದ ಹಾಗೆ ಹೇಳುವುದು, ನೋವನ್ನು ತಾಳಿಕೊಳ್ಳುವುದು.

ಆರೈಕೆ ಮಾಡುವವರಿಗೂ ಐದು ಗುಣ: ಔಷಧಿ ಸಿದ್ಧಮಾಡಿ ಕೊಡಲು ಬರಬೇಕು, ರೋಗಿಗೆ ಯಾವುದು ಹಿತ ಯಾವುದು ಅಹಿತ ತಿಳಿದಿರಬೇಕು, ಲಾಭದ ಆಸೆಯಿಲ್ಲದೆ ಮೈತ್ರಿಯಿಂದ ಮಾಡಬೇಕು, ಮಲಮೂತ್ರ ವಾಂತಿ ತೆಗೆಯಲು ಅಸಹ್ಯಪಡಬಾರದು, ಆಗಾಗ ಧಮ್ಮದ ಮಾತು ಹೇಳಿ ಮನಸ್ಸಿಗೆ ಬಲ ತುಂಬಬೇಕು.

ನಮ್ಮ ಹಿರಿಯರು ಮೊದಲ ಪಟ್ಟಿಯ ಐದನೆಯ ಗುಣವನ್ನು ಚೆನ್ನಾಗಿ ಕಲಿತಿದ್ದಾರೆ, ನೋವು ನುಂಗುತ್ತಾರೆ. ನಾಲ್ಕನೆಯದನ್ನು ಬಿಡುತ್ತಾರೆ. ಬುದ್ಧರು ಎರಡನ್ನೂ ಒಟ್ಟಿಗೆ ಇಟ್ಟಿದ್ದಾರೆ. ತಾಳಿಕೊಳ್ಳುವುದು ಬೇರೆ, ಮುಚ್ಚಿಡುವುದು ಬೇರೆ.

ಎರಡನೆಯ ಪಟ್ಟಿಯಲ್ಲಿ ಹಣದ ಮಾತಿಲ್ಲ. ಔಷಧಿಗೆ ಹಣ ಬೇಡವೆಂದು ಇದರ ಅರ್ಥವಲ್ಲ. ಹಣವಿಲ್ಲದ ಮನೆಯ ಸಂಕಟ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಸಂಬಳ ನಿಂತ ಮಗನಿಂದ ಈ ಐದರಲ್ಲಿ ಒಂದೂ ಕಿತ್ತುಹೋಗುವುದಿಲ್ಲ. ಅಪ್ಪನ ಬಿದ್ದ ಕೈಗೆ ವ್ಯಾಯಾಮ ಮಾಡಿಸುವವನು, ಹಾಸಿಗೆ ಬದಲಿಸುವವನು, ಗುಳಿಗೆಯ ಹೊತ್ತು ಮರೆಯದವನು ಉಪಯೋಗವಿಲ್ಲದವನಲ್ಲ.

*ಮಾತಾಡಿದರೆ ದಾರಿ ಕಾಣುತ್ತದೆ*

ಮನೆಯವರೆಲ್ಲ ಕೂತು ರೋಗ ಎಷ್ಟು, ಸಾಲ ಎಷ್ಟು ಎಂದು ಬಿಚ್ಚಿ ಹೇಳಿಕೊಂಡ ಮೇಲೆ ಕೇಳಬೇಕಾದ ಬಾಗಿಲುಗಳು ಇವು:

1. ಬಿ.ಪಿ., ಸಕ್ಕರೆ ಕಾಯಿಲೆಯ ತಪಾಸಣೆ, ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಹೊರಗೆ ಕೊಳ್ಳುವುದಾದರೆ ಜನೌಷಧಿ ಅಂಗಡಿಯಲ್ಲಿ ಬೆಲೆ ಕಡಿಮೆ.

2. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಸ್ಥಿತಿ ಬಿಟ್ಟರೆ ಖಾಸಗಿ ದವಾಖಾನೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ದಾಖಲಾದ ಮೇಲೆ ಓಡಾಡುವುದಕ್ಕಿಂತ ಮೊದಲೇ ಕೇಳಿ.

3. ಇ.ಎಸ್.ಐ. ಕಟ್ಟುತ್ತಿದ್ದವರ ಕೆಲಸ ಹೋದರೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ನೆರವಿಗೆ ಅರ್ಹತೆ ಇದೆಯೇ ಎಂದು ಇ.ಎಸ್.ಐ. ಕಚೇರಿಯಲ್ಲಿ ವಿಚಾರಿಸಿ.

ಪುಕ್ಕಟೆ ಚಿಕಿತ್ಸೆಗೆ ಸಾಲಿನಲ್ಲಿ ನಿಲ್ಲಲು ಕೆಲವರಿಗೆ ನಾಚಿಕೆ. ಹಿರೇಕೆರೂರಿನ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯನ್ನು ನೆನೆಯೋಣ. 11ನೆಯ ಶತಮಾನದಲ್ಲಿ ಅಲ್ಲಿ ಬೌದ್ಧ ವಿಹಾರವಿತ್ತು. ಅದೇ ಊರಿನ ಶೈವರ ಕೋಡಿಮಠದಲ್ಲಿ ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುತ್ತಿತ್ತೆಂದು 12ನೆಯ ಶತಮಾನದ ಶಾಸನ ಹೇಳುತ್ತದೆ. ರೋಗಿಯ ಭಾರವನ್ನು ಊರು ಹಂಚಿಕೊಳ್ಳುವುದು ನಮ್ಮ ನೆಲದ ಹಳೆಯ ರೂಢಿ.

*ಹೊಲ ಮಾರಬೇಕೇ?*

ಬಹಳ ಮನೆಗಳಲ್ಲಿ ಕೊನೆಗೆ ಬರುವ ಪ್ರಶ್ನೆ ಇದು. ಅಂಗುತ್ತರ ನಿಕಾಯದಲ್ಲಿ ಮೂರು ಬಗೆಯ ರೋಗಿಗಳ ಮಾತಿದೆ: ಚಿಕಿತ್ಸೆ ಸಿಗಲಿ ಬಿಡಲಿ ಗುಣವಾಗದವರು, ಸಿಗಲಿ ಬಿಡಲಿ ಗುಣವಾಗುವವರು, ಸಿಕ್ಕರೆ ಮಾತ್ರ ಗುಣವಾಗುವವರು. ಮೂರನೆಯವರ ಸಲುವಾಗಿ ಆಹಾರ, ಔಷಧಿ, ಆರೈಕೆಯನ್ನು ಹೇಳಲಾಗಿದೆ. ಆದರೆ ಉಳಿದಿಬ್ಬರನ್ನೂ ಆರೈಕೆ ಮಾಡಲೇಬೇಕು ಎನ್ನುತ್ತಾರೆ ಬುದ್ಧರು.

ನಾನು ಇದನ್ನು ಹೀಗೆ ಅರ್ಥಮಾಡಿಕೊಳ್ಳುತ್ತೇನೆ. ಈ ಚಿಕಿತ್ಸೆಯಿಂದ ಎಷ್ಟು ಗುಣವಾಗುತ್ತದೆ ಎಂದು ವೈದ್ಯರನ್ನು ಅಂಜದೆ ಕೇಳಬೇಕು. ಬುದ್ಧಿ ನೆಟ್ಟಗಿರುವ ಅಪ್ಪ–ಅವ್ವನನ್ನೂ ಕೇಳಬೇಕು. ದೇಹ ಅವರದು, ಹೊಲ ಗಳಿಸಿದವರೂ ಅವರೇ. ಗುಣವಾಗುವ ಆಸೆ ಇದ್ದಲ್ಲಿ ಖರ್ಚು ಮಾಡಲು ಹಿಂಜರಿಯಬಾರದು. ಇಲ್ಲವೆಂದು ವೈದ್ಯರೇ ಹೇಳಿದಾಗ, ಮಂದಿ ಏನಂದಾರು ಎಂದು ಕೊನೆಯ ಎಕರೆ ಮಾರುವುದು ಆರೈಕೆಯಾಗುವುದಿಲ್ಲ. ನೋವು ಇಳಿಸುವ ಔಷಧಿ, ಮೆತ್ತಗಿನ ಊಟ, ಶುಚಿಯಾದ ಹಾಸಿಗೆ, ಪಕ್ಕದಲ್ಲೊಬ್ಬರು, ಇವು ಮಾತ್ರ ಕೊನೆಯ ದಿನದವರೆಗೂ ನಿಲ್ಲಬಾರದು.

*ಇಂದಿನ ಅಭ್ಯಾಸ:* ಹತ್ತು ನಿಮಿಷ ಉಸಿರನ್ನು ಗಮನಿಸುತ್ತ ಕೂತ ಮೇಲೆ ಅವ್ವನಿಗೋ ಅಪ್ಪನಿಗೋ ಫೋನ್ ಮಾಡಿ. "ಆರಾಮ ಇದ್ದೀರಾ?" ಎಂದರೆ "ಆರಾಮ" ಎಂದೇ ಉತ್ತರ ಬರುತ್ತದೆ. ಅದರ ಬದಲು "ಇವತ್ತಿನ ಗುಳಿಗೆ ತಗೊಂಡ್ರಾ? ಇನ್ನೆಷ್ಟು ಉಳಿದಾವ?" ಎಂದು ಕೇಳಿ. ನಿಮ್ಮ ಕಡೆಯ ಒಂದು ನಿಜವನ್ನೂ ಅವರಿಗೆ ಹೇಳಿ.

ರೋಗದಲ್ಲಿರುವವರೂ ಅವರ ಹಾಸಿಗೆಯ ಪಕ್ಕ ಎಚ್ಚರವಿರುವವರೂ ಸುಖವಾಗಿರಲಿ. ನಮೋ ಬುದ್ಧಾಯ. ಜೈ ಭೀಮ್.